ದ್ರಾಕ್ಷಿ ಕಡ್ಡಿ, ರೇಷ್ಮೆ ಗೂಡು: ಬಾಗಿಲಿಗೆ ಹಾಕುವ ರೀತ್, ನನ್ನ ಅನುಭವ

ರೇಷ್ಮೆ ಗೂಡು ಕತ್ತರಿಸಿ ಮಾಡಿದ ಹೂವು ಮುಂಬಾಗಿಲ ಮೇಲೆ ತಿಂಗಳೂ ನಿಲ್ಲುವುದಿಲ್ಲ, ಶೋಕೇಸ್ ಒಳಗಿಡಲು ಮಾತ್ರ ಸರಿ ಅಂತ ಈ ಕೆಲಸ ಬಲ್ಲವರೇ ಹೇಳುತ್ತಿದ್ದರು. ಕಳೆದ ಕ್ರಿಸ್ಮಸ್‌ಗೆ ಕೆಜಿಎಫ್‌ಗೂ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೂ ಕೊಟ್ಟ ರೀತ್‌ಗಳು, ಅಂದರೆ ಬಾಗಿಲಿಗೆ ತೂಗುಹಾಕುವ ಹೂವಿನ ಚಕ್ರಗಳು, ಯುಗಾದಿ ಕಳೆದರೂ ಗಟ್ಟಿಯಾಗಿವೆ. ತಂತಿ ಸುತ್ತುವುದು, ಗ್ಲೂ ಗನ್ ಹಿಡಿಯುವುದು ಗೊತ್ತಿರುವವರಿಗೆ ಈ ಬರಹ.

ಚಕ್ರಕ್ಕೆ ನಾನು ಬಳಸುವುದು ದ್ರಾಕ್ಷಿ ಕಡ್ಡಿ. ಚಿಕ್ಕಬಳ್ಳಾಪುರದ ಸುತ್ತ ಬೆಂಗಳೂರು ಬ್ಲೂ ತೋಟಗಳಲ್ಲಿ ವರ್ಷಕ್ಕೆ ಎರಡು ಬೆಳೆ, ಎರಡು ಕಟಿಂಗ್. ಕತ್ತರಿಸಿದ ಕಡ್ಡಿ ಬದುವಿನ ಮೇಲೆ ರಾಶಿ ಬಿದ್ದಿರುತ್ತದೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಖರ್ಚು ಆಟೋ ಬಾಡಿಗೆ ಮಾತ್ರ. ಪೆನ್ಸಿಲ್ ದಪ್ಪದ, ನಾಲ್ಕೈದು ಅಡಿ ಉದ್ದದ ಕಡ್ಡಿ ಆರಿಸಿ. ಸುರುಳಿ ಕುಡಿಗಳನ್ನು ಕೀಳಬೇಡಿ, ಚಕ್ರಕ್ಕೆ ಅಂದ ಕೊಡುವುದೇ ಅವು. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧ) ಹೊಡೆದ ತೋಟವಾದರೆ ಕಡ್ಡಿಗೆ ನೀಲಿ ಪುಡಿ ಅಂಟಿರುತ್ತದೆ. ಕೈಗವಸು ಹಾಕಿ ಬ್ರಷ್‌ನಿಂದ ತೊಳೆಯಿರಿ. ಎರಡು ದಿನ ಮೀರಿದ ಕಡ್ಡಿ ಬಗ್ಗಿಸಿದರೆ ಗಿಣ್ಣಿನಲ್ಲಿ ಮುರಿಯುತ್ತದೆ, ಅಂಥದ್ದನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಬೇಕು.

12 ಇಂಚಿನ ಚಕ್ರಕ್ಕೆ ಎಂಟು ಹತ್ತು ಕಡ್ಡಿ ಸಾಕು. ಮೊದಲನೆಯದನ್ನು ಬಳೆ ಮಾಡಿಕೊಂಡು ಉಳಿದವನ್ನು ಬಿಂದಿಗೆಯ ಸಿಂಬೆ ಸುತ್ತುವ ಹಾಗೆ ಒಳಗೆ ಹೊರಗೆ ಸುತ್ತಿ. ಪ್ರತಿ ಕಡ್ಡಿಯ ತುದಿ ಹಿಂದಿನದಕ್ಕಿಂತ ಒಂದು ಗೇಣು ದೂರದಲ್ಲಿ ಶುರುವಾಗಲಿ. ತುದಿಗಳೆಲ್ಲ ಒಂದೇ ಕಡೆ ಬಿದ್ದರೆ ಅಲ್ಲಿ ಉಬ್ಬುತ್ತದೆ, ಚಕ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಹೂವು ಉದುರುವ ಮೂಲ ಈ ಹಂತದಲ್ಲಿದೆ. ಹಸಿ ಕಡ್ಡಿ ಒಣಗುತ್ತ ಸಣ್ಣಗಾಗುತ್ತದೆ, ಜೊತೆಗೆ ಈ ತಳಿಯ ತೊಗಟೆ ಪಟ್ಟಿ ಪಟ್ಟಿಯಾಗಿ ಏಳುತ್ತದೆ. ಹಸಿಯಲ್ಲೇ ಅಂಟಿಸಿದರೆ ಹೂವು ತೊಗಟೆಯ ಸಮೇತ ಕಳಚಿ ಬೀಳುತ್ತದೆ, ಬೈಗುಳ ಮಾತ್ರ ಗೂಡಿಗೆ. ಆದ್ದರಿಂದ ಚಕ್ರವನ್ನು ನೆರಳಲ್ಲಿ, ಕೆಳಗೆ ಗಾಳಿ ಆಡುವಂತೆ ಎರಡು ರೀಪರ್ (ಮರದ ಪಟ್ಟಿ) ಇಟ್ಟು, ಮೇಲೆ ಸಣ್ಣ ಚಪ್ಪಡಿ ಹೇರಿ, ಹತ್ತು ಹನ್ನೆರಡು ದಿನ ಒಣಗಿಸಿ. ಮಳೆಗಾಲದಲ್ಲಿ ದಿನವೂ ಮಗುಚಿ, ಇಲ್ಲವಾದರೆ ಬಿಳಿ ಬೂಷ್ಟು ಬರುತ್ತದೆ. ಒಣಗಿದ ಮೇಲೆ ಚಕ್ರ ಸಡಿಲವಾಗಿರುತ್ತದೆ. ಆಗ ನೆನೆಸಿದ ಎರಡು ತೆಳು ಕಡ್ಡಿ ಬಿಗಿಯಾಗಿ ಸುತ್ತಿ, ಅವೂ ಒಣಗಲಿ. ಅಲ್ಲಲ್ಲಿ ಎದ್ದ ತೊಗಟೆ ಸುಲಿದು ಹಾಕಿ.

ಇನ್ನು ಗೂಡು. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ರೀಲರ್‌ಗಳು ಬದಿಗಿಟ್ಟ ಗೂಡು ಅಗ್ಗಕ್ಕೆ ಸಿಗುತ್ತದೆ, ಆಸೆ ಪಡಬೇಡಿ. ಒಳಗೆ ಸತ್ತ ಪ್ಯೂಪಾ, ಅಂದರೆ ಗೂಡು ಕಟ್ಟಿದ ಹುಳು, ಇರುತ್ತದೆ. ಮೊದಲು ವಾಸನೆ, ಆಮೇಲೆ ಇರುವೆ, ಕೊನೆಗೆ ಗೂಡನ್ನೇ ತಿನ್ನುವ ಕಂದು ಹುಳು. ಚೀಲಕ್ಕೆ ಚೀಲವೇ ಹಾಳಾಗುತ್ತದೆ, ಹಾಕಿದ ದುಡ್ಡು ತಿಪ್ಪೆಗೆ. ಬೇಕಾದದ್ದು ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಗ್ರೈನೇಜ್‌ಗಳಲ್ಲಿ ಪ್ಯೂಪಾ ತೆಗೆಯಲು ಕತ್ತರಿಸಿದ ಖಾಲಿ ಗೂಡು. ಚಿಟ್ಟೆ ಹೊರಬಂದ ತೂತು ಗೂಡೂ ಆಗುತ್ತದೆ, ಆದರೆ ತೂತಿನ ಸುತ್ತ ಕಂದು ಕಲೆ ಇರುತ್ತದೆ, ಆ ತುದಿ ಕತ್ತರಿಸಿ ಬಿಸಾಡಿ. ಖಾಲಿ ಗೂಡು ತುಂಬ ಹಗುರ, ನೂರು ಗ್ರಾಂಗೆ ಸುಮಾರು ಮುನ್ನೂರು ತೂಗುತ್ತವೆ. ಒಂದು ರೀತ್‌ಗೆ 40–50 ಸಾಕಾದ್ದರಿಂದ ಕಿಲೋಗಟ್ಟಲೆ ತರುವ ಅಗತ್ಯವಿಲ್ಲ.

ಒಣ ಗೂಡು ಕತ್ತರಿಗೆ ಒರಟು, ಅಂಚು ಸಿಬಿರೇಳುತ್ತದೆ. ಮೊದಲು ಮೇಲಿನ ಸಡಿಲ ನೂಲನ್ನು ಉಜ್ಜಿ ತೆಗೆಯಿರಿ, ಧೂಳು ಹಿಡಿಯುವುದೇ ಅದು. ಆಮೇಲೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಅರ್ಧ ನಿಮಿಷ ಇಡಿ. ಗೂಡಿನ ಅಂಟು, ಅಂದರೆ ಸೆರಿಸಿನ್, ಮೆತ್ತಗಾಗುತ್ತದೆ. ತೆರೆದ ತುದಿಯಿಂದ ಮುಕ್ಕಾಲು ಭಾಗದವರೆಗೆ ಐದು ಸೀಳು ಕತ್ತರಿಸಿ, ದಳಗಳನ್ನು ಚಮಚದ ಹಿಡಿಯ ಮೇಲೆ ಹೊರಕ್ಕೆ ಬಾಗಿಸಿ ಬಿಟ್ಟರೆ ಆರಿದ ಮೇಲೆ ಆ ಆಕಾರ ಬದಲಾಗುವುದಿಲ್ಲ. ಹಬೆಯಲ್ಲಿ ಎರಡು ನಿಮಿಷ ಮೀರಿದರೆ ಪದರ ಬಿಟ್ಟುಕೊಳ್ಳುತ್ತದೆ. ಹಾಗೆ ಬಿಟ್ಟ ಒಳಪದರವನ್ನೂ ನಾನು ಎಸೆಯುವುದಿಲ್ಲ, ಮೊಗ್ಗಿಗೆ ಬಳಸುತ್ತೇನೆ. ದೊಡ್ಡ ಹೂವಿಗೆ ಮೂರು ಗೂಡು ಒಂದರೊಳಗೊಂದು.

ಬರೀ ಬಿಳಿ ಗೂಡಿನ ರೀತ್ ನಮ್ಮ ಕಡೆ ಮಾರಾಟವಾಗುವುದಿಲ್ಲ. ಬಿಳಿ ಹೂವಿನ ದುಂಡು ಚಕ್ರ ಕಂಡರೆ ಹಿರಿಯರಿಗೆ ಹೆಣದ ಮೇಲಿಡುವ ಹೂಚಕ್ರ ನೆನಪಾಗುತ್ತದೆ, ಆ ಮಾತು ನ್ಯಾಯವೇ. ಸಿ.ಬಿ. (ಕ್ರಾಸ್ ಬ್ರೀಡ್, ಅಂದರೆ ಮಿಶ್ರತಳಿ) ಗೂಡಿನ ತಿಳಿ ಹಳದಿಯನ್ನು ಅರ್ಧಕ್ಕರ್ಧ ಬೆರೆಸಿ, ಹೂವನ್ನೆಲ್ಲ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುಂಪಾಗಿ ಕೂರಿಸಿ, ಕೆಂಪು ದಾರದಲ್ಲಿ ಎರಡು ಹಿತ್ತಾಳೆ ಗೆಜ್ಜೆ ಕಟ್ಟಿದರೆ ಆ ಛಾಯೆ ಹೋಗುತ್ತದೆ. ಒಣಗಿದ್ದನ್ನು ಹಬ್ಬದ ಬಾಗಿಲಿಗೆ ಕಟ್ಟಬಾರದು ಅನ್ನುವ ಮನೆಗಳಿಗಾಗಿ ಚಕ್ರದ ಹಿಂದೆ ಮೂರು ತಂತಿ ಕೊಕ್ಕೆ ಬಿಡುತ್ತೇನೆ, ಹಬ್ಬದ ದಿನ ಹಸಿ ಮಾವಿನೆಲೆ ಸಿಕ್ಕಿಸಿಕೊಳ್ಳಬಹುದು. ಇದಾದ ಮೇಲೆ ದೀಪಾವಳಿಗೂ ಸಂಕ್ರಾಂತಿಗೂ ಆರ್ಡರ್ ಬರತೊಡಗಿತು.

ಸಿ.ಬಿ. ಗೂಡಿನ ಹಳದಿ ಇರುವುದು ಅಂಟಿನಲ್ಲಿ, ಕುದಿಸಿದರೆ ಹೋಗುತ್ತದೆ, ನೇರ ಬಿಸಿಲಿಗೂ ಮಂಕಾಗುತ್ತದೆ. ಅರಿಶಿನದ ಬಣ್ಣವಂತೂ ಬಿಸಿಲಿಗೆ ಕೆಲವೇ ವಾರ. ಕೆಂಪು ಬೇಕಾದರೆ ರೇಷ್ಮೆಗೆ ಹಾಕುವ ಆಸಿಡ್ ಬಣ್ಣ, ಸ್ವಲ್ಪ ವಿನೆಗರ್, ಉಗುರುಬೆಚ್ಚಗಿಂತ ತುಸು ಹೆಚ್ಚು ಬಿಸಿಯ ನೀರು. ಕುದಿ ಬಂದರೆ ಗೂಡು ಮುದ್ದೆ. ನನ್ನ ಕೆಂಪು ಅಷ್ಟು ಆಳವಾಗಿ ಬರಲು ಬಣ್ಣಕ್ಕೆ ಮೊದಲು ಮಾಡುವ ಒಂದು ಕೆಲಸವಿದೆ, ಅದು ನನ್ನಲ್ಲೇ ಇರಲಿ.

ಗ್ಲೂ ಗನ್ ಒಂದನ್ನೇ ನಂಬಬೇಡಿ. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಲ್ಲಿ ಏಪ್ರಿಲ್ ಬಿಸಿಲಿಗೆ ಆ ಅಂಟು ಮೆತ್ತಗಾಗಿ ಹೂವು ಜಾರುತ್ತದೆ. ಪ್ರತಿ ಹೂವಿನ ಬುಡಕ್ಕೆ ಸೂಜಿಯಿಂದ ಎರಡು ತೂತು ಮಾಡಿ ತಂತಿ ಪೋಣಿಸಿ ಚಕ್ರಕ್ಕೆ ಕಟ್ಟಿ, ಬುಡಕ್ಕೆ ಒಂದು ತೊಟ್ಟು ಫೆವಿಕಾಲ್ ಹಾಕಿ. ಕಟ್ಟಡದ ಬೈಂಡಿಂಗ್ ವೈರ್ ತುಕ್ಕು ಹಿಡಿದು ಗೂಡಿಗೆ ಕಲೆ ಬಿಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ಬೋರ್‌ವೆಲ್ ಇರುವ ಕಡೆಯೆಲ್ಲ ಮೋಟಾರ್ ರಿವೈಂಡಿಂಗ್ ಅಂಗಡಿ ಇದ್ದೇ ಇರುತ್ತದೆ, ಅಲ್ಲಿ ಉಳಿದ 24–26 ಗೇಜ್ ಎನಾಮಲ್ ತಾಮ್ರದ ತಂತಿ ಕೇಳಿ. ನೂರು ರೂಪಾಯಿಯ ತಂತಿ ಇಪ್ಪತ್ತು ಮೂವತ್ತು ರೀತ್‌ಗೆ ಬರುತ್ತದೆ.

ಹಸಿರಿಗೆ ನೀಲಗಿರಿ ಸೊಪ್ಪು. ಹಾಗೇ ಒಣಗಿಸಿದರೆ ಬಾಗಿಲು ಬಡಿದಾಗಲೆಲ್ಲ ಉದುರುತ್ತದೆ. ಒಂದು ಪಾಲು ಗ್ಲಿಸರಿನ್, ಎರಡು ಪಾಲು ಬಿಸಿನೀರು ಬೆರೆಸಿ, ಕಾಂಡದ ಬುಡ ಜಜ್ಜಿ ಎರಡು ಮೂರು ವಾರ ನಿಲ್ಲಿಸಿದರೆ ಎಲೆ ತೊಗಲಿನಂತೆ ಬಾಗುತ್ತದೆ. ಸರ್ವೆ ಮರದ ಕಾಯಿಯನ್ನು ಬಟ್ಟೆಯ ಮೇಲೆ ಬಿಸಿಲಿಗೆ ಹಾಕಿ ಬೀಜ ಉದುರಿಸಿಕೊಂಡು ಬಳಸಿ. ಸರ್ವೆ ಸೊಪ್ಪು ಬೇಡ, ಗಿಣ್ಣು ಗಿಣ್ಣಾಗಿ ಮುರಿದು ಹೊಸ್ತಿಲು ತುಂಬುತ್ತದೆ. ತುಮಕೂರು ಕಡೆಯ ಅಡಿಕೆ ಹಾಳೆಯಲ್ಲಿ ಎಲೆ ಕತ್ತರಿಸಿಯೂ ನೋಡಿದೆ, ತೇವ ಬಿಸಿಲಿಗೆ ಮುದುರಿಕೊಳ್ಳುತ್ತದೆ. ತೆಂಗಿನ ನಾರಿನ ಹುರಿ ಮಾತ್ರ ತೂಗುಹಾಕಲು ಅಚ್ಚುಕಟ್ಟು. ಹಿಪ್ಪುನೇರಳೆ ಕಡ್ಡಿಯ ಚಕ್ರ ದೊಡ್ಡ ಅಳತೆಗೆ ಪರವಾಗಿಲ್ಲ, 12 ಇಂಚಿಗೆ ಬಗ್ಗುವುದಿಲ್ಲ.

ವಾರ್ನಿಷ್ ಹೊಡೆಯಬೇಡಿ, ಗೂಡು ಎಣ್ಣೆ ಕಾಗದದ ಬಣ್ಣಕ್ಕೆ ಬರುತ್ತದೆ. ಎರಚಲು ಬೀಳುವ ಬಾಗಿಲಿಗೆ ಈ ರೀತ್ ಕೊಡುವುದೇ ಇಲ್ಲ, ಏಕೆಂದರೆ ಸೆರಿಸಿನ್ ನೆನೆದರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಹೊರಗೆ ಗ್ರಿಲ್ ಬಾಗಿಲು ಇದ್ದರೆ ಮೂರು ಇಂಚಿಗಿಂತ ದಪ್ಪ ಬೇಡ, ಹೂವು ನಜ್ಜುಗುಜ್ಜಾಗುತ್ತದೆ.

ಸಾಮಾನಿನ ಖರ್ಚು ಒಂದಕ್ಕೆ ನೂರರ ಆಸುಪಾಸು, ಕೈಕೆಲಸ ಮೂರು ತಾಸು. ಇಲ್ಲಿ 450ಕ್ಕೆ, ಬೆಂಗಳೂರಲ್ಲಿ 700ರವರೆಗೆ ಕೊಟ್ಟಿದ್ದೇನೆ. ಕೊರಿಯರ್‌ಗೆ ಅಡ್ಡಡ್ಡ ಇಟ್ಟರೆ ದಳ ಚಪ್ಪಟೆಯಾಗುತ್ತದೆ. ರಟ್ಟಿನ ಡಬ್ಬದ ತಳಕ್ಕೇ ಚಕ್ರವನ್ನು ತಂತಿಯಲ್ಲಿ ಕಟ್ಟಿ ಕಳಿಸಿ. ಡಿಸೆಂಬರ್ ಆರ್ಡರ್ ಇದ್ದವರು ಚಕ್ರಗಳನ್ನು ಅಕ್ಟೋಬರ್ ಕೊನೆಯೊಳಗೆ ಸುತ್ತಿ ಮುಗಿಸಿರಬೇಕು. ಹೂವಿನ ಕೆಲಸ ಕಡೇ ವಾರಕ್ಕೆ ಇಟ್ಟುಕೊಂಡರೂ ನಡೆಯುತ್ತದೆ.