ಯಾವ ನೂರರಲ್ಲಿ ತೊಂಬತ್ತೈದು? ಒಂದು ದೇಶದ ಎಚ್‌ಐವಿ ಯೋಜನೆ ಓದುವ ಬಗೆ

ಎಚ್‌ಐವಿ ಬಗ್ಗೆ ಯಾವ ದೇಶದ ವರದಿ ತೆರೆದರೂ ಮೊದಲ ಪುಟಗಳಲ್ಲೇ ಒಂದು ದೊಡ್ಡ ಸಂಖ್ಯೆ ಸಿಗುತ್ತದೆ. ‘ಚಿಕಿತ್ಸೆಯಲ್ಲಿರುವವರ ಪೈಕಿ ಶೇ 95ರಷ್ಟು ಜನರಲ್ಲಿ ವೈರಸ್ ಹತೋಟಿಯಲ್ಲಿದೆ’ ಅನ್ನುವಂಥದ್ದು. ಓದಿದವರಿಗೆ ಖುಷಿಯಾಗುತ್ತದೆ. ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವವಳು. ಅದಕ್ಕೂ ಮೊದಲು ಎಚ್‌ಐವಿ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್ ಆಗಿದ್ದೆ. ಇಂಥ ಸಾಲು ಕಂಡರೆ ನನ್ನ ಕಣ್ಣು ಹೋಗುವುದು ‘ಚಿಕಿತ್ಸೆಯಲ್ಲಿರುವವರ ಪೈಕಿ’ ಅನ್ನುವ ಕಡೆಗೆ. ಚಿಕಿತ್ಸೆಗೇ ಬಾರದವರು ಯಾವ ಲೆಕ್ಕದಲ್ಲಿದ್ದಾರೆ?

ಒಂದು ದೇಶ ಎಚ್‌ಐವಿ ತಡೆಗೆ, ಚಿಕಿತ್ಸೆಗೆ ಏನು ಮಾಡುತ್ತಿದೆ ಅಂತ ನೀವೇ ಓದಿ ತೂಗಿ ನೋಡಬೇಕು ಅಂತಿಟ್ಟುಕೊಳ್ಳಿ. ಪ್ರಾಜೆಕ್ಟಿಗಿರಲಿ, ಸುಮ್ನೆ ಕುತೂಹಲಕ್ಕಿರಲಿ, ನಾನು ಕ್ಲಾಸಿನಲ್ಲಿ ಹೇಳಿಕೊಡುವ ಕ್ರಮ ಇದು.

ಸಾವಿರ ಜನರಿಂದ ಶುರು ಮಾಡಿ

ಹಾಳೆಯ ಮೇಲೆ 1000 ಅಂತ ಬರೆಯಿರಿ. ಆ ದೇಶದಲ್ಲಿ ಎಚ್‌ಐವಿ ಇರುವ ಸಾವಿರ ಜನ ಅಂದುಕೊಳ್ಳಿ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ 2025ಕ್ಕೆ ಇಟ್ಟಿದ್ದ ಗುರಿ 95-95-95. ಮೊದಲ 95 ಅಂದರೆ, ಸೋಂಕು ಇರುವವರಲ್ಲಿ ಅಷ್ಟು ಜನಕ್ಕೆ ಅದು ಗೊತ್ತಿರಬೇಕು. ಎರಡನೆಯದು, ಗೊತ್ತಿರುವವರಲ್ಲಿ ಅಷ್ಟು ಜನ ಚಿಕಿತ್ಸೆಯಲ್ಲಿರಬೇಕು. ಮೂರನೆಯದು, ಚಿಕಿತ್ಸೆಯಲ್ಲಿರುವವರಲ್ಲಿ ಅಷ್ಟು ಜನರ ವೈರಸ್ ಹತೋಟಿಗೆ ಬಂದಿರಬೇಕು. ಒಂದೊಂದು ಮೆಟ್ಟಿಲಿಗೂ ನೂರು ಬೇರೆ ಬೇರೆ, ಗಮನಿಸಿ. ಈಗ ಗುಣಿಸುತ್ತಾ ಹೋಗಿ. 950, ಆಮೇಲೆ 902, ಕೊನೆಗೆ 857. ಗುರಿಯನ್ನು ಪೂರ್ತಿ ಮುಟ್ಟಿದರೂ ಸಾವಿರಕ್ಕೆ 140ಕ್ಕೂ ಹೆಚ್ಚು ಜನ ಹೊರಗೇ ಉಳಿಯುತ್ತಾರೆ.

ಈಗ ಮೊದಲ ಸಂಖ್ಯೆ 70 ಇರುವ ದೇಶವೊಂದನ್ನು ಕಲ್ಪಿಸಿಕೊಳ್ಳಿ. ಉಳಿದೆರಡೂ 95. ಕೊನೆಗೆ ಉಳಿಯುವುದು ಸುಮಾರು 632. ಆದರೆ ಆ ದೇಶದ ವರದಿಯ ಮೊದಲ ಪುಟದಲ್ಲಿ ಮೂರನೆಯ 95 ಮಿಂಚುತ್ತಿರುತ್ತದೆ. ಸುಳ್ಳೇನೂ ಅಲ್ಲ, ಅಲ್ವಾ? ಆದರೆ ಪರೀಕ್ಷೆಯನ್ನೇ ಮಾಡಿಸದ 300 ಜನ ಆ ಸಂಖ್ಯೆಯೊಳಗೆ ಇಲ್ಲವೇ ಇಲ್ಲ.

ನಿಜವಾದ ದೇಶವೊಂದನ್ನು ತೆಗೆದುಕೊಂಡರೆ, ಬೋಟ್ಸ್ವಾನದ 2021ರ ಸಮೀಕ್ಷೆ 95-98-98 ತೋರಿಸಿತು. ಗುಣಿಸಿದರೆ 912. ಒಂದು ಕಾಲದಲ್ಲಿ ಸುಮಾರು ನಾಲ್ಕು ಜನ ವಯಸ್ಕರಲ್ಲಿ ಒಬ್ಬರಿಗೆ ಸೋಂಕಿದ್ದ ದೇಶ ಅದು. 2002ರಲ್ಲಿ ಅಧ್ಯಕ್ಷ ಫೆಸ್ಟಸ್ ಮೊಗೇ ಅವರ ಕಾಲದಲ್ಲಿ ಸರ್ಕಾರವೇ ಉಚಿತ ಚಿಕಿತ್ಸೆ ಶುರು ಮಾಡಿತು. 2004ರಿಂದ ಆಸ್ಪತ್ರೆಗೆ ಬಂದವರಿಗೆ ‘ಬೇಡ’ ಅನ್ನದಿದ್ದರೆ ಪರೀಕ್ಷೆ ಮಾಡುವ ಪದ್ಧತಿ ಬಂತು. ‘ಪರೀಕ್ಷೆ ಮಾಡಿಸ್ತೀರಾ?’ ಅಂತ ಕೇಳುವುದಕ್ಕೂ ‘ಎಲ್ಲರಿಗೂ ಮಾಡ್ತೀವಿ, ಬೇಡವಾದರೆ ಹೇಳಿ’ ಅನ್ನುವುದಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ‘ಹೂಂ’ ಅಂದವರ ಮೇಲೆ ಅನುಮಾನದ ಕಣ್ಣು ಬೀಳುತ್ತದೆ.

ಒಟ್ಟು ಸಂಖ್ಯೆ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ. ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು ಬೇರೆ ಬೇರೆ ಹುಡುಕಿ. ಹೆಂಗಸರಿಗೆ ಬಸಿರಿನಲ್ಲಿ ಹೇಗೂ ಪರೀಕ್ಷೆ ಆಗುತ್ತದೆ. ಗಂಡಸರು ಜ್ವರ ಬಿಡದೆ ಹಿಡಿದಾಗಲೋ ಟಿಬಿ ಬಂದಾಗಲೋ ಬರುತ್ತಾರೆ. ಮಕ್ಕಳ ಚಿಕಿತ್ಸೆಯ ಸಂಖ್ಯೆ ಪ್ರಪಂಚದ ಲೆಕ್ಕದಲ್ಲೇ ವಯಸ್ಕರಿಗಿಂತ ಹಿಂದಿದೆ.

ಚಿಕಿತ್ಸೆಯ ಅಧ್ಯಾಯದಲ್ಲಿ ಹುಡುಕಬೇಕಾದ್ದು

ಯಾವಾಗ ಶುರು ಮಾಡುತ್ತಾರೆ ಅನ್ನುವುದು ಮೊದಲ ಪ್ರಶ್ನೆ. ಹಿಂದೆ, ರೋಗದ ವಿರುದ್ಧ ಹೋರಾಡುವ ಸಿಡಿ4 ಅನ್ನುವ ಬಿಳಿ ರಕ್ತಕಣಗಳು (ಒಂದು ಘನ ಮಿಲಿಮೀಟರ್ ರಕ್ತಕ್ಕೆ) ಇಂತಿಷ್ಟಕ್ಕಿಂತ ಇಳಿಯುವ ತನಕ ಕಾಯಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಆ ಗೆರೆಯನ್ನು 2010ರಲ್ಲಿ 350ಕ್ಕೆ, 2013ರಲ್ಲಿ 500ಕ್ಕೆ ಏರಿಸಿತು. 2015ರಲ್ಲಿ ಗೆರೆಯನ್ನೇ ಅಳಿಸಿ, ಸೋಂಕು ಗೊತ್ತಾದ ಎಲ್ಲರಿಗೂ ಚಿಕಿತ್ಸೆ ಕೊಡಿ ಅಂದಿತು. ನಿಮ್ಮ ಕೈಯಲ್ಲಿರುವ ದಾಖಲೆ ಇನ್ನೂ ಸಿಡಿ4 ನೋಡಿ ಶುರು ಮಾಡಿ ಅನ್ನುತ್ತಿದ್ದರೆ ಅದು ಹಳೆಯದು, ಪಕ್ಕಕ್ಕಿಡಿ. ಸಿಡಿ4 ಪರೀಕ್ಷೆಯೇ ಬೇಡ ಅಂತ ಇದರರ್ಥವಲ್ಲ. ತೀರಾ ಕುಗ್ಗಿದವರನ್ನು, ಅಂದರೆ 200ಕ್ಕಿಂತ ಕೆಳಗಿರುವವರನ್ನು ಗುರುತಿಸಲು ಅದು ಬೇಕೇ ಬೇಕು.

ಯಾವ ಮಾತ್ರೆ ಅನ್ನುವುದರಲ್ಲಿ ಈಗ ಹೆಚ್ಚು ಗೊಂದಲ ಇಲ್ಲ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಟಿಎಲ್‌ಡಿ, ದಿನಕ್ಕೊಂದು. ಬಹಳಷ್ಟು ದೇಶಗಳಲ್ಲಿ ಮೊದಲ ಆಯ್ಕೆ ಇದೇ.

ಎಷ್ಟು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರೆ ಅನ್ನುವುದನ್ನು ಮಾತ್ರ ಬಿಡದೆ ಹುಡುಕಿ. ಯೋಜನೆಯಲ್ಲಿ ಅದು ಎಲ್ಲೋ ಮೂಲೆಯಲ್ಲಿ ಒಂದು ಸಾಲಾಗಿರುತ್ತದೆ. ನನ್ನ ಹತ್ತಿರ ಬರುತ್ತಿದ್ದ ಕಟ್ಟಡ ಕೆಲಸದವರೊಬ್ಬರು ಹೇಳುತ್ತಿದ್ದರು: ‘ಮೇಡಂ, ಮಾತ್ರೆ ನುಂಗೋದು ಕಷ್ಟ ಅಲ್ಲ. ತಿಂಗಳು ತಿಂಗಳು ರಜೆ ಕೇಳಿದ್ರೆ ಮೇಸ್ತ್ರಿ ಕಾರಣ ಕೇಳ್ತಾನೆ, ಅದಕ್ಕೆ ಏನು ಹೇಳ್ಲಿ?’ ಮುಂದೆ ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಅನ್ನುವ ನಿಯಮ ಬಂತು. 90 ಮಾತ್ರೆಯ ಡಬ್ಬಿ ಕೊಟ್ಟೆವು. ಅವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಗಲಗಲ ಅಂತು. ಒಂದಿಷ್ಟು ಹತ್ತಿ ಕೇಳಿ ಈಸಿಕೊಂಡು, ಡಬ್ಬಿಯೊಳಗೆ ಒತ್ತಿ, ಮತ್ತೆ ಅಲ್ಲಾಡಿಸಿದರು. ಸದ್ದು ನಿಂತ ಮೇಲೇ ಚೀಲಕ್ಕೆ ಹಾಕಿಕೊಂಡರು. ಒಬ್ಬರು ಮಾತ್ರೆ ತೆಗೆದುಕೊಂಡರು ಅಂತ ವರದಿಯಲ್ಲಿ ಗೀಟು ಹಾಕುವ ಹಿಂದೆ ಇಷ್ಟೆಲ್ಲ ಇರುತ್ತದೆ. ಈಗ ಸ್ಥಿತಿ ಸ್ಥಿರವಾಗಿರುವವರಿಗೆ ಆರು ತಿಂಗಳ ಮಾತ್ರೆ ಕೊಡುವ ದೇಶಗಳೂ ಇವೆ. ನನ್ನನ್ನು ಕೇಳಿದರೆ, ಹೊಸ ಪೋಸ್ಟರ್ ಛಾಪಿಸುವುದಕ್ಕಿಂತ ಇದರಿಂದಲೇ ಜನ ಚಿಕಿತ್ಸೆಯಲ್ಲಿ ಜಾಸ್ತಿ ಉಳಿಯುತ್ತಾರೆ.

ವರ್ಷಕ್ಕೊಮ್ಮೆಯಾದರೂ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆ ಇದೆಯಾ, ಫಲಿತಾಂಶ ಎಷ್ಟು ದಿನಕ್ಕೆ ಕೈ ಸೇರುತ್ತದೆ ಅಂತಲೂ ನೋಡಿ. ಮಾತ್ರೆ ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. 2011ರಲ್ಲಿ ಪ್ರಕಟವಾದ ಎಚ್‌ಪಿಟಿಎನ್ 052 ಅಧ್ಯಯನ ಇದಕ್ಕೆ ಗಟ್ಟಿ ಪುರಾವೆ ಕೊಟ್ಟಿತು, ಆಮೇಲಿನ ಪಾರ್ಟ್‌ನರ್ ಅಧ್ಯಯನಗಳು ಅನುಮಾನ ಉಳಿಸಲಿಲ್ಲ. ಇದನ್ನು ರೋಗಿಗೆ ಹೇಳಿ ಅಂತ ಮಾರ್ಗಸೂಚಿಯಲ್ಲಿ ಬರೆದಿದ್ದಾರಾ? ಬರೆಯದಿದ್ದರೆ ಆ ಮಾರ್ಗಸೂಚಿಗೆ ನಾನು ಅಂಕ ಕಡಿಮೆ ಕೊಡುತ್ತೇನೆ.

ತಡೆಯುವ ಕೆಲಸ: ಯಾರಿಗೆ ತಲುಪಿತು, ಯಾರನ್ನು ಬಿಟ್ಟರು

ಇಲ್ಲಿ ಥಾಯ್ಲೆಂಡನ್ನು ಓದಲೇಬೇಕು. 1989ರಲ್ಲಿ ರಾಚ್ಚಬುರಿ ಪ್ರಾಂತ್ಯದಲ್ಲಿ ಶುರುವಾದ ‘ಶೇ 100 ಕಾಂಡೋಮ್’ ಕಾರ್ಯಕ್ರಮ 1991ರಲ್ಲಿ ಇಡೀ ದೇಶಕ್ಕೆ ಹಬ್ಬಿತು. ಕಾಂಡೋಮ್ ಇಲ್ಲದೆ ಸೇವೆ ಇಲ್ಲ ಅನ್ನುವ ನಿಯಮ ಎಲ್ಲ ವೇಶ್ಯಾಗೃಹಗಳಿಗೂ ಒಂದೇ. ಜವಾಬ್ದಾರಿ ಹೊತ್ತವರು ಮಾಲೀಕರು. ಹಾಗಾಗಿ ಗಿರಾಕಿ ಪಕ್ಕದ ಮನೆಗೆ ಹೋದರೂ ಪ್ರಯೋಜನವಿರಲಿಲ್ಲ. ನಿಯಮ ನಡೆಯುತ್ತಿದೆಯಾ ಅಂತ ತಿಳಿಯುವ ಉಪಾಯವೂ ಚೆನ್ನಾಗಿತ್ತು. ಗುಪ್ತರೋಗದ ಕ್ಲಿನಿಕ್ಕಿಗೆ ಬಂದ ಗಂಡಸರನ್ನು ಎಲ್ಲಿಗೆ ಹೋಗಿದ್ದೆ ಅಂತ ಕೇಳುತ್ತಿದ್ದರು. ಯಾವ ಮನೆಯ ಹೆಸರು ಬಂತೋ ಅಲ್ಲಿ ನಿಯಮ ಮುರಿದಿದೆ ಅಂತ ಲೆಕ್ಕ. ಹೊಸ ಸೋಂಕು ಗಣನೀಯವಾಗಿ ಇಳಿಯಿತು. ಪೊಲೀಸರ ಬಲವಂತ ಇತ್ತು ಅನ್ನುವ ಟೀಕೆಯೂ ಇದೆ, ಅದು ಸುಮ್ಮನೆ ಬಂದದ್ದಲ್ಲ.

ಅದೇ ಥಾಯ್ಲೆಂಡ್, ಅದೇ ವರ್ಷಗಳಲ್ಲಿ, ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರ ಕಡೆ ನೋಡಲಿಲ್ಲ. ಅವರಲ್ಲಿ ಸೋಂಕು ಹೆಚ್ಚಾಗಿಯೇ ಉಳಿಯಿತು. 2003ರಲ್ಲಿ ಮಾದಕ ವಸ್ತುಗಳ ಮೇಲೆ ಸಮರ ಸಾರಿದಾಗ ಅವರು ಇನ್ನಷ್ಟು ಬಚ್ಚಿಟ್ಟುಕೊಂಡರು. ಹಾಗಾಗಿ ‘ಥಾಯ್ಲೆಂಡ್ ಗೆದ್ದಿತು’ ಅಂತ ವಿದ್ಯಾರ್ಥಿ ಬರೆದರೆ, ಯಾರ ವಿಷಯದಲ್ಲಿ ಅಂತ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಕೇಳುತ್ತೇನೆ.

ಸೂಜಿಯ ವಿಷಯದಲ್ಲಿ ಆಸ್ಟ್ರೇಲಿಯ 1980ರ ದಶಕದಲ್ಲೇ ಹೊಸ ಸಿರಿಂಜು ಕೊಡತೊಡಗಿತು. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಸಣ್ಣ ಪ್ರಮಾಣದ ಮಾದಕ ವಸ್ತುವನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆಯಿತು. ಚುಚ್ಚಿಕೊಳ್ಳುವ ಮಾದಕ ವಸ್ತುವಿನ ಬದಲಿಗೆ ಬಾಯಲ್ಲಿ ಕೊಡುವ ಮೆಥಡೋನ್ ಚಿಕಿತ್ಸೆಗೆ ರಷ್ಯಾ ಇಂದಿಗೂ ಅವಕಾಶ ಕೊಟ್ಟಿಲ್ಲ. ಅಂದರೆ ಕಾನೂನಿನಲ್ಲೇ ನಿಷೇಧ. ನೀವು ಓದುತ್ತಿರುವ ದೇಶ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ ಅಂತ ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ.

ತಾಯಿಯಿಂದ ಮಗುವಿಗೆ ಹರಡುವುದನ್ನು ತಡೆಯುವ ಭಾಗ ಓದುವಾಗ ಮಲಾವಿ ನೆನಪಿರಲಿ. ಬಡ ದೇಶ, ಸಿಡಿ4 ಯಂತ್ರಗಳು ಎಲ್ಲ ಕಡೆ ಇಲ್ಲ. ಹಾಗಾದರೆ ಯಾವ ಬಸುರಿಗೆ ಚಿಕಿತ್ಸೆ ಬೇಕು ಅಂತ ಹೇಗೆ ಗೊತ್ತಾಗಬೇಕು? 2011ರಲ್ಲಿ ಅವರು ಆ ಪ್ರಶ್ನೆಯನ್ನೇ ಬಿಟ್ಟುಬಿಟ್ಟರು. ಸೋಂಕಿರುವ ಎಲ್ಲ ಬಸುರಿಯರಿಗೂ ಜೀವನಪೂರ್ತಿ ಚಿಕಿತ್ಸೆ ಅಂದರು. ಬೇರೆ ದೇಶಗಳು ಆಮೇಲೆ ಅದೇ ದಾರಿ ಹಿಡಿದವು. ಏನೂ ಮಾಡದಿದ್ದರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಸರಿಯಾಗಿ ಮಾಡಿದರೆ ಐದಕ್ಕಿಂತ ಕೆಳಗೆ. 2015ರಲ್ಲಿ ಕ್ಯೂಬಾ, ಹೀಗೆ ಹರಡುವುದನ್ನು ನಿವಾರಿಸಿದ ಮೊದಲ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು.

ಇನ್ನು ತಡೆ ಔಷಧಗಳು. ಸಂಪರ್ಕಕ್ಕೆ ಮೊದಲೇ ತೆಗೆದುಕೊಳ್ಳುವ ಪ್ರೆಪ್, ಅಪಾಯ ಆದ ಮೇಲೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಪೆಪ್. ವರ್ಷಕ್ಕೆರಡೇ ಸಲ ಚುಚ್ಚುವ ಲೆನಕಾಪವಿರ್‌ಗೆ 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಕೊಟ್ಟಿದೆ. ಯೋಜನೆಯಲ್ಲಿ ಹೆಸರಿದ್ದರೆ ಸಾಲದು. ಯಾರು ಕೇಳಿದರೂ ಸಿಗುತ್ತದಾ, ರಾತ್ರಿ ಹೊತ್ತು ಪೆಪ್ ಎಲ್ಲಿ ಸಿಗುತ್ತದೆ ಅಂತ ನೋಡಿ.

ಕಾನೂನು, ದುಡ್ಡು

ದಕ್ಷಿಣ ಆಫ್ರಿಕಾದಲ್ಲಿ ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ಕೊಡುವ ನೆವಿರಪಿನ್ ಔಷಧವನ್ನು ಸರ್ಕಾರ ಕೆಲವೇ ಪ್ರಾಯೋಗಿಕ ಕೇಂದ್ರಗಳಲ್ಲಿ ಕೊಡುತ್ತಿತ್ತು. ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಅನ್ನುವ ಹೋರಾಟ ಸಂಘಟನೆ ಕೋರ್ಟಿಗೆ ಹೋಯಿತು. 2002ರಲ್ಲಿ ಸಂವಿಧಾನ ನ್ಯಾಯಾಲಯ ಆ ಮಿತಿಯನ್ನು ತೆಗೆಸಿತು. ಇಂದು ಜಗತ್ತಿನ ಅತಿ ದೊಡ್ಡ ಎಚ್‌ಐವಿ ಚಿಕಿತ್ಸಾ ಕಾರ್ಯಕ್ರಮ ಇರುವುದು ಅಲ್ಲೇ. ಬ್ರೆಜಿಲ್ 1996ರಲ್ಲೇ ಉಚಿತ ಔಷಧವನ್ನು ಕಾನೂನು ಮಾಡಿತು. 2007ರಲ್ಲಿ ಎಫಾವಿರೆಂಜ್ ಅನ್ನುವ ಎಚ್‌ಐವಿ ಔಷಧದ ಬೆಲೆಯ ಮಾತುಕತೆ ಮುರಿದಾಗ ಕಡ್ಡಾಯ ಪರವಾನಗಿ (ಪೇಟೆಂಟ್ ಇರುವ ಕಂಪನಿಯ ಒಪ್ಪಿಗೆ ಇಲ್ಲದೆಯೂ ಬೇರೆಯವರ ಔಷಧ ಬಳಸಲು ಸರ್ಕಾರ ಕೊಡುವ ಅನುಮತಿ) ಹೊರಡಿಸಿ ಅಗ್ಗದ ಜೆನೆರಿಕ್ ಮಾತ್ರೆ ತರಿಸಿಕೊಂಡಿತು.

ದುಡ್ಡಿನ ಪುಟದಲ್ಲಿ ಒಂದೇ ಕೋಷ್ಟಕ ಹುಡುಕಿ: ಸ್ವಂತ ಬಜೆಟ್ ಎಷ್ಟು, ಹೊರಗಿನ ನೆರವು ಎಷ್ಟು. ಅದರಲ್ಲೂ ಔಷಧಕ್ಕೆ ಯಾರ ದುಡ್ಡು, ಊರೂರು ತಿರುಗಿ ಜನರನ್ನು ಕರೆತರುವ ಕಾರ್ಯಕರ್ತರ ಸಂಬಳಕ್ಕೆ ಯಾರ ದುಡ್ಡು ಅಂತ ಬಿಡಿಸಿ ನೋಡಿ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಹಲವು ದೇಶಗಳಲ್ಲಿ ಮೊದಲು ಪೆಟ್ಟು ಬಿದ್ದದ್ದು ಇಂಥ ಕೆಲಸಕ್ಕೆ. ಕಪಾಟಿನಲ್ಲಿ ಮಾತ್ರೆ ಇದ್ದರೂ ಕರೆದುಕೊಂಡು ಬರುವವರು ಇರಲಿಲ್ಲ.

ಇಷ್ಟು ಆದ ಮೇಲೆ ಅದೇ ದೇಶದ ಹಿಂದಿನ ಎರಡು ಮೂರು ವರ್ಷದ ವರದಿ ತೆಗೆದು, ಸಾವಿರದ ಲೆಕ್ಕವನ್ನು ಪ್ರತಿ ವರ್ಷಕ್ಕೂ ಮಾಡಿ. ಅಂಕಿಗಳು ಯುಎನ್‌ಏಡ್ಸ್‌ನ ಏಡ್ಸ್‌ಇನ್ಫೋ ತಾಣದಲ್ಲಿ ದೇಶವಾರು ಸಿಗುತ್ತವೆ. ಸೋಂಕಿರುವವರ ಒಟ್ಟು ಸಂಖ್ಯೆ ಅಂದಾಜಿನದ್ದು, ಹೊಸ ಸಮೀಕ್ಷೆ ಬಂದಾಗ ಹಳೆಯ ವರ್ಷಗಳದ್ದೂ ಬದಲಾಗುತ್ತದೆ. ಹಾಗಾಗಿ ಒಂದೇ ದಿನ, ಒಂದೇ ಕಡೆಯಿಂದ ಎಲ್ಲ ವರ್ಷದ ಅಂಕಿ ಇಳಿಸಿಕೊಂಡು, ಇಳಿಸಿಕೊಂಡ ತಾರೀಖನ್ನು ಹಾಳೆಯ ಮೇಲೆ ಬರೆದಿಡಿ.