ಎಂಐ ರೂಮಿನ ಒಂದು ಸಾಲು: ನನ್ನ ಡಿಸೆಬಿಲಿಟಿ ಪೆನ್ಷನ್ ಅಪೀಲು

ನಾನು 22 ವರ್ಷ ಸೇನೆಯಲ್ಲಿದ್ದು 2018ರಲ್ಲಿ ಪೆನ್ಷನ್ ಬಂದವನು. ಊರು ಗೋಕಾಕದ ಕಡೆ, ಈಗ ಮನೆ ಪುಣೆಯ ದಿಘಿಯಲ್ಲಿ. ಬಿಡುಗಡೆಗೆ ಮೊದಲು ನಡೆದ ಮೆಡಿಕಲ್ ಬೋರ್ಡ್ ನನಗೆ ಡಿಪ್ರೆಶನ್ ಇದೆ, ಡಿಸೆಬಿಲಿಟಿ 40 ಪರ್ಸೆಂಟ್, ಜೀವನಪೂರ್ತಿ ಅಂತ ಬರೆಯಿತು. ಅದರ ಕೆಳಗೇ ಇನ್ನೊಂದು ಸಾಲು: ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಜಾಸ್ತಿ ಆದದ್ದೂ ಅಲ್ಲ. ಆ ಸಾಲು ಇದ್ದರೆ 40 ಇದ್ದರೂ ಡಿಸೆಬಿಲಿಟಿ ಪೆನ್ಷನ್ ಒಂದು ರೂಪಾಯಿ ಬರುವುದಿಲ್ಲ. ನಾನು ಸರಿಯಾಗಿ ಓದದೆ ಸಹಿ ಹಾಕಿದೆ. ಬೇಗ ಮನೆ ಸೇರಿದರೆ ಸಾಕಾಗಿತ್ತು.

ಮೊದಲ ಅಪೀಲು ಆರು ತಿಂಗಳೊಳಗೆ ಹಾಕಿದೆ. ನಿದ್ದೆ ಬರುವುದಿಲ್ಲ, ಮಕ್ಕಳ ಜೊತೆ ಮಾತಾಡಲು ಆಗುವುದಿಲ್ಲ, ಮದುವೆಗೆ ಮುಂಜಿಗೆ ಹೋಗುವುದಿಲ್ಲ ಅಂತೆಲ್ಲ ಬರೆದೆ. ತಿರಸ್ಕಾರ ಆಯಿತು. ಎರಡನೆಯದೂ ಹಾಗೇ ಆಯಿತು. ಎರಡರಲ್ಲೂ ಒಂದೇ ಕಾರಣ, ಕಾಯಿಲೆ ಶುರುವಾದದ್ದು ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಕಾರ್ಯಾಚರಣೆ ಇಲ್ಲದ ಶಾಂತ ಜಾಗದಲ್ಲಿ ಅಂತ. ಯಾಕಂದರೆ ನನ್ನನ್ನು ಮೊದಲ ಸಲ ಸೈಕಿಯಾಟ್ರಿ ವಾರ್ಡಿಗೆ ಸೇರಿಸಿದ್ದು 2014ರಲ್ಲಿ, ಕಾಶ್ಮೀರದಿಂದ ವಾಪಸ್ ಬಂದು ಎಂಟು ತಿಂಗಳ ನಂತರ.

ಖಡ್ಕಿಯಲ್ಲಿ ವಿಜಯಪುರದ ಕಡೆಯ ಒಬ್ಬ ನಿವೃತ್ತ ಸುಬೇದಾರ್ ಕ್ಲರ್ಕ್ ಸಾಹೇಬರಿದ್ದಾರೆ. ಅವರಿಗೆ ಎರಡೂ ಅಪೀಲು ತೋರಿಸಿದೆ. ಓದಿ ಕನ್ನಡಕ ತೆಗೆದಿಟ್ಟು, "ತಮ್ಮಾ, ಕಷ್ಟ ಎಲ್ಲಾ ಬರದೀ, ತಾರೀಖು ಒಂದೂ ಬರದಿಲ್ಲಲ್ಲ" ಅಂದರು. ನನ್ನ ಕೇಸು ತಿರುಗಿದ್ದು ಅಲ್ಲಿಂದ.

10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿದೆವು. ಬೋರ್ಡಿನ ಪೂರ್ತಿ ಕಾಗದ, ಅಂದರೆ ಎಎಫ್‌ಎಂಎಸ್‌ಎಫ್-16 ಅನ್ನುವ ಫಾರಂ, ಆಸ್ಪತ್ರೆಯ ಕೇಸ್ ಶೀಟ್, ಸೈಕಿಯಾಟ್ರಿಸ್ಟ್ ಅಭಿಪ್ರಾಯ, ಪೋಸ್ಟಿಂಗ್ ಮತ್ತು ರಜೆಯ ವಿವರ, ಎಂಐ ರೂಮಿನ (ಯೂನಿಟ್ಟಿನ ಸಣ್ಣ ದವಾಖಾನೆ) ಸಿಕ್ ರಿಪೋರ್ಟ್, ಎಲ್ಲ ಕೇಳಿದೆವು. ಜೊತೆಗೆ ಎಎಫ್‌ಎಂಎಸ್‌ಎಫ್-10. ಇದನ್ನು ಮಾತ್ರ ಯಾರೂ ಮರೆಯಬೇಡಿ. ಮಾನಸಿಕ ಕಾಯಿಲೆಯ ಕೇಸಿನಲ್ಲಿ ಜವಾನನ ಬಗ್ಗೆ ಅವನ ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ (ಸಿಒ) ಬರೆಯುವ ವರದಿ ಅದು. ಮೊದಲು ಬರೀ ಬೋರ್ಡಿನ ಹಾಳೆ ಕಳಿಸಿದರು. ಆರ್‌ಟಿಐ ಮೇಲೂ ಅಪೀಲು ಹಾಕಿದ ಮೇಲೆ ಉಳಿದದ್ದು ಬಂತು.

ಮೂರು ರಾತ್ರಿ ಕೂತು ಒಂದೊಂದೇ ಹಾಳೆ ನೋಡಿದೆವು. ಝೆರಾಕ್ಸ್ ಎಷ್ಟು ಮಸುಕಾಗಿತ್ತು ಅಂದರೆ ನನ್ನ ಹೆಂಡತಿ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಓದುತ್ತಿದ್ದಳು. "ರೀ, ಇಲ್ಲಿ ನೋಡ್ರಿ" ಅಂದಳು. 2012ರ ನವೆಂಬರ್, ಕಾಶ್ಮೀರದ ಎಂಐ ರೂಮು, ಪೆನ್ನಿನಲ್ಲಿ ಗೀಚಿದ ಒಂದು ಸಾಲು: ಮೂರು ವಾರದಿಂದ ನಿದ್ದೆ ಇಲ್ಲ, ತಲೆನೋವು, ಮಾತ್ರೆ ಕೊಟ್ಟಿದೆ. ಅದಾಗಿ ಎರಡು ತಿಂಗಳಿಗೆ ಅದೇ ತರಹ ಇನ್ನೊಂದು. ಆಸ್ಪತ್ರೆ ಸೇರಿದ ದಿನವೇ ಕಾಯಿಲೆ ಹುಟ್ಟಿದ ದಿನ ಅಂತ ಬೋರ್ಡ್ ಹಿಡಿದಿತ್ತು. ಈ ಎರಡು ಸಾಲು ಹಾಗಲ್ಲ ಅಂತ ಹೇಳಿದವು. ಸಿಒ ಸಾಹೇಬರ ವರದಿಯಲ್ಲೂ, ಮೊದಲು ಚುರುಕಾಗಿದ್ದ, ಫೀಲ್ಡ್‌ನಿಂದ ಬಂದ ಮೇಲೆ ಒಬ್ಬನೇ ಇರುತ್ತಾನೆ ಅಂತ ಇತ್ತು. ಸೇನಾ ವೈದ್ಯರಿಗೆ ಪೆನ್ಷನ್ ವಿಷಯದಲ್ಲಿ ಒಂದು ಗೈಡ್ ಇದೆ, 2008ರಲ್ಲಿ ತಿದ್ದಿದ್ದು. ಅದರ 54ನೇ ಪ್ಯಾರಾದಲ್ಲಿ ಮಾನಸಿಕ ಕಾಯಿಲೆ ಬಂದಾಗ ಜವಾನ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿದ್ದನೇ, ಎತ್ತರದ ಪ್ರದೇಶದಲ್ಲಿದ್ದನೇ ಅಂತ ನೋಡಬೇಕು ಅಂತಿದೆ. ಅದಕ್ಕೇ ಒಂದೇ ಹಾಳೆಯಲ್ಲಿ ಎಡಕ್ಕೆ ಪೋಸ್ಟಿಂಗ್, ಬಲಕ್ಕೆ ಕಾಯಿಲೆ, ತಾರೀಖು ಎದುರುಬದುರು ಬರುವ ಹಾಗೆ ಬರೆದೆವು.

ಇಷ್ಟೆಲ್ಲ ಯಾಕೆ ಬೇಕು, ಧರಮ್‌ವೀರ್ ಸಿಂಗ್ ತೀರ್ಪು ಸಾಲದೇ ಅಂತ ತುಂಬಾ ಜನ ಕೇಳುತ್ತಾರೆ. 2013ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಅದು. ಭರ್ತಿ ಆಗುವಾಗ ಕಾಯಿಲೆ ಬರೆದಿಲ್ಲ ಅಂದರೆ ಆರೋಗ್ಯವಾಗಿದ್ದ ಅಂತ ತಿಳಿಯಬೇಕು, ಕಾಯಿಲೆ ಸೇವೆಯಿಂದ ಬಂದದ್ದಲ್ಲ ಅನ್ನುವ ಬೋರ್ಡ್ ಕಾರಣ ಬರೆಯಬೇಕು ಅಂತ ಅದರಲ್ಲಿದೆ. ಬಹಳ ದೊಡ್ಡ ಆಸರೆ. ಆದರೆ 2019ರ ನರಸಿಂಗ್ ಯಾದವ್ ಕೇಸಿನಲ್ಲಿ, ಅದು ಸ್ಕಿಜೋಫ್ರೇನಿಯಾ, ಇಂಥ ಕಾಯಿಲೆ ಭರ್ತಿ ವೇಳೆ ಗೊತ್ತಾಗದೇ ಇರಬಹುದು, ಸೇವೆಯಲ್ಲಿ ಕಾಣಿಸಿತು ಅನ್ನುವುದಷ್ಟೇ ಸಾಲದು ಅಂತ ಅದೇ ಕೋರ್ಟು ಹೇಳಿತು. ಹಾಗಾಗಿ ಮನಸ್ಸಿನ ಕಾಯಿಲೆಯವರು ಸುಮ್ನೆ ಒಂದು ತೀರ್ಪು ನೆಚ್ಚಿಕೊಂಡು ಹೋಗಬಾರದು.

ಎಲ್ಲಕ್ಕಿಂತ ಕಷ್ಟ ಆದದ್ದು ನನ್ನ ಹೇಳಿಕೆ ಬರೆಯುವುದು. ಬೋರ್ಡಿನ ಫಾರಂನಲ್ಲಿ, ಕಾಯಿಲೆಗೆ ಕಾರಣ ಅನ್ನಿಸುವ ಘಟನೆ ಇದ್ದರೆ ಬರೆಯಿರಿ ಅಂತ ಜಾಗ ಇರುತ್ತದೆ. ನಾನು ಖಾಲಿ ಬಿಟ್ಟಿದ್ದೆ. ನನ್ನ ಸೆಕ್ಷನ್ನಿನ, ಅಂದರೆ ನಮ್ಮ ಸಣ್ಣ ತುಕಡಿಯ, ಒಬ್ಬ ಹುಡುಗ ನನ್ನ ಪಕ್ಕದಲ್ಲೇ ತೀರಿಹೋದ. ಅದನ್ನು ಡಾಕ್ಟರಿಗೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಹಿಂದಿಯಲ್ಲಿ ಬರೆಯಲು ಕೂತರೆ ರಿಪೋರ್ಟ್ ಬರೆದಂತಾಗುತ್ತಿತ್ತು. ಕೊನೆಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದೆ. ಮಗಳು ಇಂಗ್ಲಿಷ್‌ಗೆ ಮಾಡಿಕೊಟ್ಟಳು. ಎರಡನೇ ಪುಟಕ್ಕೆ ಬಂದಾಗ ಎದ್ದು ಹೋಗಿ ಮುಖ ತೊಳೆದು ಬಂದು ಮತ್ತೆ ಕೂತಳು. ಅಪ್ಪ ಯಾಕೆ ಮಾತಾಡುವುದಿಲ್ಲ ಅಂತ ಅವಳಿಗೆ ಗೊತ್ತಾದದ್ದು ಆವತ್ತೇ.

2021ರಲ್ಲಿ ವಕೀಲರ ಮೂಲಕ, ಸೈನಿಕರ ಕೇಸು ನೋಡುವ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್‌ನ ಮುಂಬಯಿ ಪೀಠಕ್ಕೆ ಹೋದೆವು. ಮಹಾರಾಷ್ಟ್ರ, ಗೋವಾ, ಗುಜರಾತ್ ಅದಕ್ಕೇ ಸೇರುತ್ತವೆ. ತಾರೀಖು ಬಿದ್ದಾಗಲೆಲ್ಲ ಬೆಳಿಗ್ಗೆ 7:15ರ ಡೆಕ್ಕನ್ ಕ್ವೀನ್ ರೈಲು. 2023ರಲ್ಲಿ ಆದೇಶ ನಮ್ಮ ಕಡೆ ಆಯಿತು. ಪೆನ್ಷನ್ ಲೆಕ್ಕಕ್ಕೆ 40 ಪರ್ಸೆಂಟ್ ಇದ್ದದ್ದನ್ನು 50ಕ್ಕೆ ಏರಿಸಿದರು. 2014ರ ರಾಮ್ ಅವತಾರ್ ತೀರ್ಪಿನಿಂದ ಅವಧಿ ಮುಗಿಸಿ ಬಂದವರಿಗೂ ಈ ಲಾಭ ಸಿಗುತ್ತದೆ. 100 ಪರ್ಸೆಂಟಿಗೆ ಕೊನೆಯ ಸಂಬಳದ 30 ಪರ್ಸೆಂಟ್ ಲೆಕ್ಕ, ಹಾಗಾಗಿ ನನಗೆ 15.

ತಡವಾಯಿತು ಅಂತ ಕೈಬಿಟ್ಟವರಿಗೆ ಒಂದು ಮಾತು. 2008ರ ತರ್ಸೇಮ್ ಸಿಂಗ್ ತೀರ್ಪು ನೋಡಿ. ಪೆನ್ಷನ್ ತಿಂಗಳು ತಿಂಗಳು ಸಿಗಬೇಕಾದದ್ದು, ಹಾಗಾಗಿ ತಡವಾದರೂ ಕೇಸು ಹಾಕಬಹುದು. ಬಾಕಿ ಮಾತ್ರ ಸಾಮಾನ್ಯವಾಗಿ ಕೇಸು ಹಾಕುವ ಹಿಂದಿನ ಮೂರು ವರ್ಷದ್ದು ಸಿಗುತ್ತದೆ. 2023ರ ಸೆಪ್ಟೆಂಬರ್ 21ರ ನಂತರ ಸೇನೆ ಬಿಟ್ಟು ಬಂದವರಿಗೆ ಹೊಸ ನಿಯಮ ಬಂದಿದೆ, ಅವರು ಅದನ್ನೇ ಓದಿಕೊಂಡು ಬರೆಯಬೇಕು.

ಈಗ ಧಾನೋರಿಯಲ್ಲಿರುವ ಬಾಗಲಕೋಟೆ ಕಡೆಯ ಹುಡುಗನೊಬ್ಬ ನನ್ನ ಹತ್ತಿರ ಬರುತ್ತಾನೆ. ಮೊದಲ ಎರಡು ಭಾನುವಾರ ಬರೀ ಚಹಾ ಕುಡಿದು ಎದ್ದು ಹೋದ, ನಾನೂ ಏನೂ ಕೇಳಲಿಲ್ಲ. ಮೂರನೇ ವಾರ ಡಿಸ್ಚಾರ್ಜ್ ಬುಕ್ ತಂದು ಟೇಬಲ್ ಮೇಲಿಟ್ಟು, "ಅಣ್ಣಾ, ಎಲ್ಲಿಂದ ಶುರು ಮಾಡೂಣು?" ಅಂದ. ಆರ್‌ಟಿಐ ಹಾಕಿ 19 ದಿನ ಆಗಿದೆ. ಎಎಫ್‌ಎಂಎಸ್‌ಎಫ್-10 ಇನ್ನೂ ಬಂದಿಲ್ಲ.