ಗಂಟೆಗೊಮ್ಮೆ ಅರ್ಧ ಬಾಟಲಿ ನೀರು

ಬಾಯಾರಿದ ಹಂದಿಗೆ ನೀರು ಅಳೆದು ಕೊಡ್ತೇನೆ ಅಂದಾಗ ಅಕ್ಕಪಕ್ಕದವರು ನಕ್ಕರು. ಅಮ್ಮನಂತೂ "ಪಾಪ ಸುತ್ತಿಕೊಳ್ತದೆ ಕಣೋ" ಎಂದು ಬೈದರು. ಆದರೆ ಈ ಸಲ ನಾಲ್ಕರಲ್ಲಿ ಮೂರು ಉಳಿದವು.

ಮೂರು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಬೋರ್‌ವೆಲ್ ಮೋಟಾರ್ ಸುಟ್ಟು ಎರಡು ದಿನ ನೀರಿರಲಿಲ್ಲ. ಹಂದಿಗೆ ಹಾಕುವ ಹೋಟೆಲ್ ಮುಸುರೆಯಲ್ಲೇ ನೀರಿರುತ್ತದಲ್ಲ ಅಂತ ಸುಮ್ನಿದ್ದೆ. ರಿಪೇರಿ ಆದ ಕೂಡಲೇ ತೊಟ್ಟಿ ತುಂಬಿಸಿದೆ. ಹೊಟ್ಟೆ ಬಿರಿಯುವಷ್ಟು ಕುಡಿದವು. ಸಂಜೆಗೆ ಶುರುವಾಯಿತು. ಮೂತಿ ಅದುರುವುದು, ತಲೆ ಮೇಲೆತ್ತಿ ಹಿಂದಕ್ಕೆ ಹೋಗುವುದು, ನಾಯಿಯ ಹಾಗೆ ಕೂರುವುದು, ಆಮೇಲೆ ಅಡ್ಡ ಬಿದ್ದು ಕಾಲು ಬಡಿಯುವುದು. ಐದಾರು ನಿಮಿಷಕ್ಕೊಮ್ಮೆ, ಗಡಿಯಾರ ಇಟ್ಟ ಹಾಗೆ. ಹಂದಿಜ್ವರ ಅಂದರು ಕೆಲವರು. ಥರ್ಮಾಮೀಟರ್ ಇಟ್ಟರೆ ಜ್ವರವೇ ಇಲ್ಲ! ಇಂಜೆಕ್ಷನ್‌ಗೆ ಎರಡು ಸಾವಿರ ಸುರಿದೆ. 70 ಕೆಜಿ ಆಸುಪಾಸಿನ ಮೂರು ಯಾರ್ಕ್‌ಷೈರ್ ತಳಿಯ ಹಂದಿ ಸತ್ತವು. 27-28 ಸಾವಿರ ಮಣ್ಣಾಯಿತು. ಉಪ್ಪಿನ ವಿಷ, ನೀರಿಲ್ಲದೆ ಮೈಯಲ್ಲಿ ಉಪ್ಪು ಏರಿತ್ತು, ಆಮೇಲೆ ಒಮ್ಮೆಲೇ ಕುಡಿದ ನೀರಿಗೆ ಮಿದುಳು ಊದಿಕೊಂಡಿದೆ ಅಂದರು ಡಾಕ್ಟ್ರು.

ನನ್ನದೂ ತಪ್ಪಿತ್ತು. ಹೋಟೆಲ್ ಮುಸುರೆಯನ್ನು ಆಫ್ರಿಕನ್ ಹಂದಿಜ್ವರದ ಹೆದರಿಕೆಗೆ ಕುದಿಸುತ್ತೇವಲ್ವಾ? ಕುದಿದು ಗಟ್ಟಿಯಾದಷ್ಟೂ ಉಪ್ಪು ಜಾಸ್ತಿ. ಉಪ್ಪಿನಕಾಯಿ, ಒಣಮೀನು ಬಿದ್ದಿದ್ದರೆ ಕೇಳುವುದೇ ಬೇಡ. ಈಗ ಕುದಿಸಿದ ಮೇಲೆ ನಾಲಿಗೆಗೆ ಹಚ್ಚಿ ನೋಡುತ್ತೇನೆ. ಹೆಂಡತಿಗೆ ಅಸಹ್ಯ, ಇರಲಿ.

ಈ ಬೇಸಿಗೆಯಲ್ಲಿ ಒಂದೇ ದೊಡ್ಡಿಯ ನಿಪ್ಪಲ್, ಅಂದರೆ ಹಂದಿ ಬಾಯಿ ಇಟ್ಟು ನೀರು ಕುಡಿಯುವ ನಳಿಕೆ, ಕಟ್ಟಿಕೊಂಡಿತ್ತು. ಗೊತ್ತಾಗುವಾಗ ನಾಲ್ಕು ಹಂದಿಯಲ್ಲಿ ಮೂರು ಗೋಡೆಗೆ ತಲೆ ಒತ್ತಿ ನಿಂತಿದ್ದವು, ಒಂದು ಅಡ್ಡ ಬಿದ್ದಿತ್ತು. ಪೈಪ್ ಬಂದ್ ಮಾಡಿದೆ. 60 ಕೆಜಿ ಹಂದಿಗೆ ಗಂಟೆಗೆ 300 ಎಂಎಲ್, ಅಂದರೆ ಹೆಚ್ಚುಕಡಿಮೆ ಅರ್ಧ ಬಿಯರ್ ಬಾಟಲಿ. ಹಂದಿಯ ತೂಕವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಅರ್ಧ ಭಾಗ, ಅಷ್ಟೇ. ರಾತ್ರಿಯೂ ಅಲಾರಂ ಇಟ್ಟು ಎದ್ದೆ. ಎರಡೂವರೆ ದಿನ ಹೀಗೇ. ನೀರು ಹಾಕಿದಾಗ ಒಂದನ್ನೊಂದು ನೂಕದ ಹಾಗೆ ಮಾಡಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿ. ನಡುವೆ ಬಾಳೆದಿಂಡು ಕೊಚ್ಚಿ ಹಾಕಿಯೂ ನೋಡಿದೆ. ಇಷ್ಟಪಟ್ಟು ತಿಂದವು, ಆದರೆ ಎಷ್ಟು ನೀರು ಒಳಗೆ ಹೋಯಿತು ಅನ್ನುವ ಲೆಕ್ಕವೇ ತಪ್ಪಿತು. ನಿಲ್ಲಿಸಿದೆ.

ಆಗಲೇ ಅಡ್ಡ ಬಿದ್ದಿದ್ದ ಒಂದು ಮಾತ್ರ ಹೋಯಿತು. ಇನ್ನೊಂದು ನಾಲ್ಕೈದು ದಿನ ಕಣ್ಣು ಕಾಣದೆ ಗೋಡೆಗೆ ಗುದ್ದುತ್ತಿತ್ತು. ಮಳೆ ಹಿಡಿಯುವ ಹೊತ್ತಿಗೆ ಅದೇ 90 ಕೆಜಿ ದಾಟಿತು. ಮೊದಲು ನಕ್ಕಿದ್ದ ಪಕ್ಕದ ಮನೆಯವರೇ ರೇಟು ಕೇಳಿಕೊಂಡು ಬಂದರು.